ರಿಂಗು ಸೆಟ್ ಆಗುವ ತನಕ

ಅಡಿವೆಯ್ಯನ ಬೈಕು ಓಣಿಗೆ ಬಂತೆಂದು ತಿಳಿಯಲು ದಾಂಡೇಲಿಯ ಬಂಗೂರನಗರದವರಿಗೆ ಕಣ್ಣೂ ಬೇಕಿರಲಿಲ್ಲ, ಕಿವಿಯೂ ಬೇಕಿರಲಿಲ್ಲ; ಮೂಗೊಂದಿದ್ದರೆ ಸಾಕಿತ್ತು. ಬೈಕು ಹೋದ ಮೇಲೂ ಅದರ ನೀಲಿ ಹೊಗೆ ಓಣಿಯಲ್ಲೇ ನಿಂತು ಎಲ್ಲರನ್ನೂ ಮಾತನಾಡಿಸಿಕೊಂಡು ಹೋಗುತ್ತಿತ್ತು. ಸೊಳ್ಳೆ ಹೆಚ್ಚಾದ ವರ್ಷ ಪಕ್ಕದ ಮನೆಯ ಗೋದುಬಾಯಿ, "ಔಷಧ ಹೊಡಿಯಾವ್ರು ಯಾಕ ಬೇಕ್ರಿ? ನಮ್ಮ ಅಡಿವೆಯ್ಯನೋರು ಡ್ಯೂಟಿಗೆ ಹೋಗೂಮುಂದೊಮ್ಮೆ ಬರೂಮುಂದೊಮ್ಮೆ ಹೊಡದ ಹೋಗ್ತಾರಲ್ಲ" ಎಂದು ಇಡೀ ಓಣಿಯನ್ನು ನಗಿಸಿದ್ದಳು.

ಅಡಿವೆಯ್ಯನಿಗೆ ಮಾತ್ರ ಆ ಹೊಗೆ ಕಂಡಿರಲಿಲ್ಲ. ಹೊಗೆ ಹಿಂದಕ್ಕೆ ಹೋಗುತ್ತದೆ, ಅವನು ಮುಂದಕ್ಕೆ ನೋಡುತ್ತಾನೆ; ಇದರಲ್ಲಿ ಅವನ ತಪ್ಪಾದರೂ ಏನು? ಕಂಡದ್ದೆಲ್ಲ ಹಿಂದಿನ ಸೀಟಿನ ಹೆಂಡತಿ ಶಿವಗಂಗವ್ವನಿಗೆ. ಅವಳ ಪೆಟ್ಟಿಗೆಯಲ್ಲಿದ್ದ ಒಂದೊಂದು ಸೀರೆಗೂ ಎಣ್ಣೆ ಸುಟ್ಟ ವಾಸನೆ ಹತ್ತಿತ್ತು. ಅವಳು ಹೇಳಿದಾಗಲೆಲ್ಲ ಅಡಿವೆಯ್ಯ, "ಗಾಡಿಗೆ ವಯಸ್ಸಾತು, ಅದು ಬೀಡಿ ಸೇದತೈತಿ, ಸೇದ್ಲಿ ಬಿಡ" ಎಂದು ಬಿಡುತ್ತಿದ್ದ.

ಇದಕ್ಕೆಲ್ಲ ಮುಹೂರ್ತ ಬಂದದ್ದು ಹಳಿಯಾಳದಲ್ಲಿ.

ಮಗಳು ರಾಜಶ್ರೀಗೆ ಅಲ್ಲಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಶರಣಬಸವ, ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ರಾಜಶ್ರೀ ಅವನ ಫೋಟೋ ನೋಡಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ; ಆದರೆ ಫೋಟೋ ಇದ್ದ ಅಪ್ಪನ ಮೊಬೈಲು ವಾಪಸ್ಸು ಬರಲು ಅರ್ಧ ತಾಸು ಹಿಡಿಯಿತು. ಅಷ್ಟರಲ್ಲೇ ತಾಯಿ-ತಂದೆಗೆ ತಿಳಿಯಬೇಕಾದದ್ದು ತಿಳಿಯಿತು. ಗಂಡಹೆಂಡತಿ ಬೈಕು ಹತ್ತಿ ಹುಡುಗನ ಮನೆ ನೋಡಲು ಹೋದರು.

ಹುಡುಗನ ತಾಯಿ ಕಾಶೆವ್ವ ಅಂಗಳದ ತುಂಬ ಕೋಲು ಕಟ್ಟಿ ಶಾವಿಗೆ ಒಣಹಾಕಿದ್ದಳು. ನಾಲ್ಕು ದಿನದ ಕೆಲಸ. ಬೆಳ್ಳಗೆ, ಕೂದಲೆಳೆಯಂತೆ ತೂಗುತ್ತಿತ್ತು. ಅಡಿವೆಯ್ಯ ಅದರ ಪಕ್ಕದಲ್ಲೇ ಬೈಕು ನಿಲ್ಲಿಸಿ, ತಾವು ಬಂದದ್ದು ಒಳಗಿನವರಿಗೆ ಗೊತ್ತಾಗಲೆಂದು ಆರಿಸುವ ಮೊದಲು ಎಕ್ಸಲೇಟರನ್ನು ಒಮ್ಮೆ ಪೂರಾ ತಿರುವಿದ.

ಗೊತ್ತಾಯಿತು. ಹೊಗೆ ತಿಳಿಯಾದಾಗ ಬಾಗಿಲಲ್ಲಿ ಕಾಶೆವ್ವ ನಿಂತಿದ್ದಳು.

"ಶಾವಿಗಿಗೆ ಒಗ್ಗರಣಿ ನಾವ ಆಮ್ಯಾಲೆ ಹಾಕ್ಕೊಂತಿದ್ವಿರಿ," ಎಂದಳು. "ನೀವು ಯಾಕ ಇಷ್ಟು ತ್ರಾಸ ತಗೊಂಡ್ರಿ?"

ಅಡಿವೆಯ್ಯ ಆಗಷ್ಟೇ ಹಿಂದೆ ತಿರುಗಿ ನೋಡಿದ. ಜೀವನದಲ್ಲಿ ಮೊದಲ ಸಲ ತನ್ನ ಹೊಗೆಯನ್ನು ತಾನೇ ಕಂಡ. ಅವನಿಗೆ ಅವಮಾನವಾದರೆ ತಲೆ ತಗ್ಗಿಸುವ ಅಭ್ಯಾಸವಿಲ್ಲ. ಎದೆ ಉಬ್ಬಿಸುವುದೇ ಅಭ್ಯಾಸ.

"ಮುಂದಿನ ಸಲ ಬಂದಾಗ ನೋಡ್ರಿ ಅಕ್ಕಾರ. ಸೈಲೆನ್ಸರಿಗೆ ಬಿಳೇ ಟವೆಲ್ ಹಿಡೀತೇನಿ. ಒಂದು ಕಲಿ ಬಿದ್ರ ನನ್ನ ಹೆಸರು ಅಡಿವೆಯ್ಯ ಅಲ್ಲ!"

"ನೋಡೂಣಂತ," ಎಂದಳು ಕಾಶೆವ್ವ. ಹುಡುಗಿಯ ಮಾತಿಗೂ ಅವಳು ಅಂದು ಕೊಟ್ಟ ಉತ್ತರ ಅದೇ.

ಮರುದಿನ ಬೈಕು ದಾಂಡೇಲಿಯ ಮಹಾಬಳೇಶ್ವರನ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕೂತಿತ್ತು. ಮಹಾಬಳೇಶ್ವರನಿಗೆ ಇಂಜಿನ್ ಬಿಚ್ಚುವುದಕ್ಕಿಂತ ಇಂಜಿನ್ನಿನ ಮಾಲಕನನ್ನು ಬಿಚ್ಚುವುದರಲ್ಲಿ ಹೆಚ್ಚು ಖುಷಿ. "ಅಯ್ಯಾರ, ನೀವು ಇಷ್ಟು ದಿನ ಪೆಟ್ರೋಲ್ ಮ್ಯಾಲೆ ಗಾಡಿ ಓಡಿಸಿಲ್ಲ. ಇಂಜಿನ್ ಆಯಿಲ್ ಮ್ಯಾಲೆ ಓಡಿಸೀರಿ. ನೀಲಿ ಹೊಗಿ ಅಂದ್ರ ಅದ," ಎಂದು ಸಿಲಿಂಡರ್ ಕಳಚಿ ಬೆಳಕಿಗೆ ಹಿಡಿದ. ಒಳಗೋಡೆ ಕನ್ನಡಿಯಂತೆ ಫಳಫಳ ಹೊಳೆಯಿತು.

ಅಡಿವೆಯ್ಯನ ಮುಖವೂ ಹೊಳೆಯಿತು. "ನೋಡು! ಹೆಂಗ ಇಟ್ಕೊಂಡೇನಿ ನೋಡು!"

"ಅದ ರೋಗ ರೀ. ಬೀಸೂ ಕಲ್ಲು ನುಣ್ಣಗಾದ್ರ ಹಿಟ್ಟು ಬೀಳತೈತೇನು? ಉಳಿಲೆ ಹೊಡಸಿ ಒರಟ ಮಾಡಸ್ತಾರಲ್ಲ, ಇದಕ್ಕೂ ಹಂಗ. ಗೀರು ಇರಬೇಕು, ಗೀರಿನ್ಯಾಗ ಎಣ್ಣಿ ನಿಂದರಬೇಕು. ಪುಣ್ಯಾ, ಸಿಲಿಂಡರ್ ಪೂರಾ ಸವದಿಲ್ಲ. ಹೋನಿಂಗ್ ಮಾಡಿ ಪಿಸ್ಟನ್ನಿಗೆ ಹೊಸಾ ರಿಂಗ್ ಹಾಕಿದ್ರ ಆತು."

ಡ್ರಿಲ್ಲಿನ ತುದಿಗೆ ಸಣ್ಣ ಕಲ್ಲುಗಳನ್ನು ಕಚ್ಚಿಕೊಂಡ ಹೋನಿಂಗ್ ಹತಾರ ಸಿಕ್ಕಿಸಿ, ಎಣ್ಣೆ ಬಿಟ್ಟು, ಮಹಾಬಳೇಶ್ವರ ಅದನ್ನು ಸಿಲಿಂಡರಿನ ಒಳಗೆ ಮೇಲೆ ಕೆಳಗೆ ಆಡಿಸಿದ. ತೊಳೆದು ತೋರಿಸಿದಾಗ ಹೊಳಪು ಹೋಗಿ, ಒಳಗೋಡೆಯ ಸುತ್ತ ಚಾಪೆ ಹೆಣೆದಂತೆ ಸಣ್ಣ ಸಣ್ಣ ಅಡ್ಡಗೀರು ಮೂಡಿದ್ದವು. ಅಡಿವೆಯ್ಯ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಆ ಕೊಳವೆಯೊಳಗೆ ಬಹಳ ಹೊತ್ತು ನೋಡಿದ. ಮಗಳು ಹುಟ್ಟಿದಾಗಲೂ ಅವನು ಇಷ್ಟು ಹೊತ್ತು ನೋಡಿರಲಿಲ್ಲವೆಂದು ಶಿವಗಂಗವ್ವ ಆಮೇಲೆ ಹೇಳಿದಳು. ಅವಳು ಅಲ್ಲಿರಲಿಲ್ಲ, ಆದರೂ ಹೇಳಿದಳು.

ರಿಂಗು ಹಾಕುವಾಗ ಅಡಿವೆಯ್ಯನಿಗೆ ಕೈ ಕಡಿಯತೊಡಗಿತು. "ಒಂದು ನಾ ಹಾಕ್ತೇನೋ."

"ಬ್ಯಾಡ್ರಿ, ಬೀಡು ಕಬ್ಬಿಣ ಅದು. ಜಗ್ಗಿದ್ರ ಮುರೀತೈತಿ."

"ಮೂವತ್ತು ವರ್ಷದಿಂದ ಫ್ಯಾಕ್ಟರ್ಯಾಗ ಅದೇನೋ ನಾ!" ಫ್ಯಾಕ್ಟರಿಯಲ್ಲಿ ಅವನ ಕೆಲಸ ಕಾಗದದ ಹಾಳೆ ಎಣಿಸಿ ಕಟ್ಟು ಕಟ್ಟುವುದು ಎಂಬ ಮಾತು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ರಿಂಗಿನ ಬಾಯಿಗೆ ಎರಡು ಹೆಬ್ಬೆರಳು ಕೊಟ್ಟು ಅಗಲಿಸಿದ. ಟಕ್ಕೆಂದಿತು. ಎರಡು ಕೈಯಲ್ಲಿ ಎರಡು ತುಂಡು.

ಇನ್ನೊಂದು ಸೆಟ್ಟು ಬಂತು. ಈ ಸಲ ಮಹಾಬಳೇಶ್ವರ ರಿಂಗನ್ನು ಪಿಸ್ಟನ್ನಿನ ಕಚ್ಚಿನಲ್ಲಿ ಕೂರಿಸಿ, "ಈಗ ಬೆರಳು ಹಚ್ಚಿ ಸ್ವಲ್ಪ ತಿರಗಿಸ್ರಿ, ಸಾಕು" ಎಂದ. ಅಡಿವೆಯ್ಯ ತಿರುಗಿಸಿದ. ಅಂದು ಸಂಜೆ ಅವನ ಬಾಯಲ್ಲಿ "ಮಹಾಬಳೇಶ್ವರನೂ ನಾನೂ ಇಂಜಿನ್ ಮಾಡಿದ್ವಿ" ಎಂದಿದ್ದದ್ದು ಮರುದಿನದ ಹೊತ್ತಿಗೆ "ಇಂಜಿನ್ ನಾ ಮಾಡಿದೆ, ಮಹಾಬಳೇಶ್ವರನೂ ಅಲ್ಲೇ ಇದ್ದ" ಎಂದಾಯಿತು.

ಗಾಡಿ ಕೊಡುವಾಗ ಮಹಾಬಳೇಶ್ವರ ಬೆರಳೆತ್ತಿ ಹೇಳಿದ್ದ: "ಹೊಸಾ ರಿಂಗು ಸೆಟ್ ಆಗೂತನಕ, ಅಂದ್ರ ಐದನೂರು ಕಿಲೋಮೀಟರ್, ನಲವತ್ತರ ಮ್ಯಾಲೆ ಹೋಗಬ್ಯಾಡ್ರಿ. ಗುಡ್ಡ ಹತ್ತಸಬ್ಯಾಡ್ರಿ. ನಡುವ ನಿಂದರಸಿ ಆರಸ್ರಿ. ಡಬಲ್ ಸೀಟ್ ಅಂತೂ ಬ್ಯಾಡಾನ ಬ್ಯಾಡ!"

ಬೇರೆಯವರು ಇಂಥ ಮಾತನ್ನು ಗ್ಯಾರೇಜಿನ ತಿರುವಿನಲ್ಲೇ ಮರೆಯುತ್ತಾರೆ. ಅಡಿವೆಯ್ಯ ಅದನ್ನು ಶ್ರಾವಣ ಸೋಮವಾರದಂತೆ ಹಿಡಿದ. ಮನೆಗೆ ಬಂದವನೇ ಹೆಂಡತಿಯೆದುರು ಕೂತು ಸಿಲಿಂಡರಿನಿಂದ ಶುರುಮಾಡಿ ಡಬಲ್ ಸೀಟಿನ ತನಕ ಎಲ್ಲ ಹೇಳಿದ. ಶಿವಗಂಗವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು.

"ಅಂದ್ರ ಇದು ಮುಗದ ಮ್ಯಾಲೆ ನನ್ನ ಸೀರಿಗೆ ವಾಸನಿ ಹತ್ತಂಗಿಲ್ಲ?"

"ಇಳಕಲ್ ಸೀರಿ ಉಟ್ಕೊಂಡು ಕುಂದರು!"

"ಹಂಗಾರ ನಾ ಬಸ್ಸಿಗೆ ಹೋಗ್ತೇನಿ. ಹೆಂಗೂ ಹೆಣ್ಮಕ್ಕಳಿಗೆ ಪುಕ್ಕಟೆ ಐತಿ."

ಮನೆಯೊಳಗೆ ಇಷ್ಟು ಸರಳವಾಗಿ ಮುಗಿದ ಮಾತು ಹೊಸ್ತಿಲು ದಾಟಿದ ಕೂಡಲೇ ಹಾಳಾಯಿತು. ಅದಕ್ಕೆ ಕಾರಣ ಅಡಿವೆಯ್ಯನೇ. ಓಣಿಯಲ್ಲಿ, ಚಹಾದಂಗಡಿಯಲ್ಲಿ, ಶಿಫ್ಟು ಬಿಟ್ಟ ಗೇಟಿನಲ್ಲಿ ಸಿಕ್ಕವರನ್ನೆಲ್ಲ ತಡೆದು ಅವನು ಇಂಜಿನ್ ಕತೆ ಹೇಳುತ್ತಿದ್ದ. ಕತೆ ಯಾವಾಗಲೂ, "ಸಿಲಿಂಡರ್ ಅಂದ್ರ ಒಂದು ಕೊಳವಿ ಅಂತ ತಿಳ್ಕೋರಿ" ಎಂದು ಶುರುವಾಗುವುದು. ಕೇಳುವವರು ಕೊಳವೆಯಲ್ಲೇ ನುಸುಳಿ ಪಾರಾಗುತ್ತಿದ್ದರು. ಗಟ್ಟಿ ಜೀವದವರು ಅಡ್ಡಗೀರಿನ ತನಕ ನಿಂತದ್ದುಂಟು. ಕತೆಯ ಕೊನೆಗಿದ್ದ ಡಬಲ್ ಸೀಟಿನ ಮಾತನ್ನು ಮುಟ್ಟಿದ ಮನುಷ್ಯ ದಾಂಡೇಲಿಯಲ್ಲಿ ಒಬ್ಬನೂ ಇರಲಿಲ್ಲ.

ಹೀಗಾಗಿ ಜನರಿಗೆ ಕೇಳಿಸಿದ್ದು ಏನೂ ಇಲ್ಲ, ಕಂಡದ್ದು ಮಾತ್ರ ಬಹಳ. ಗಂಡ ಒಬ್ಬನೇ ಬೈಕಿನ ಮೇಲೆ, ಹೆಂಡತಿ ಚೀಲ ಹಿಡಿದು ಬಸ್ ಸ್ಟಾಪಿನಲ್ಲಿ.

ಗೋದುಬಾಯಿ ಮರುಗಿದಳು. "ಯಾಕ ಶಿವಗಂಗಕ್ಕಾ, ಅಯ್ಯಾರು ಗಾಡಿ ಮ್ಯಾಲೆ ಹತ್ತಿಸ್ಕೊಳಂಗಿಲ್ಲೇನು?"

"ನಾ ಕುಂತ್ರ ಇಂಜಿನ್ನಿಗೆ ವಜ್ಜಿ ಆಗ್ತೈತಂತವಾ."

"ವಜ್ಜಿ!" ಗೋದುಬಾಯಿ ಕೈ ಎದೆಗೆ ಹೋಯಿತು. "ಇಪ್ಪತ್ತಾರು ವರ್ಷ ಆಗದ್ದು ಈಗ ವಜ್ಜಿ ಆತೇನು? ನನ್ನ ಮುಂದ ಮುಚ್ಚಿಡಬ್ಯಾಡಕ್ಕಾ. ಗಂಡಸೂರು ಬ್ಯಾರೆ ಕಡೆ ತಿರುಗಿದಾಗ ಮೊದಲ ಹೇಳೂದ ಇದು."

ಶಿವಗಂಗವ್ವ ನಕ್ಕಳು. ಆ ನಗುವನ್ನು ಗೋದುಬಾಯಿ ದುಃಖ ನುಂಗಿದ ನಗುವೆಂದು ಓಣಿಯ ತುಂಬ ಹೇಳಿದಳು.

ವಾರ ಕಳೆದು ಕಾಶೆವ್ವನನ್ನು ಮನೆಗೆ ಕರೆಯಲು ಗಂಡಹೆಂಡತಿ ಹಳಿಯಾಳಕ್ಕೆ ಹೋದರು. ಶಿವಗಂಗವ್ವ ಬಸ್ಸಿನಲ್ಲಿ, ಅಡಿವೆಯ್ಯ ಬೈಕಿನಲ್ಲಿ. ಅವಳು ಹೋಗಿ ನೀರು ಕುಡಿದು, ಚಹಾ ಕುಡಿದು, ಕಾಶೆವ್ವನ ಎಮ್ಮೆಯ ಗುಣಗಾನ ಮುಗಿಸುವ ಹೊತ್ತಿಗೆ ಅಡಿವೆಯ್ಯ ಮೆಲ್ಲಗೆ ಅಂಗಳಕ್ಕೆ ಬಂದ. ಬಂದವನೇ ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಸೈಲೆನ್ಸರಿಗೆ ಹಿಡಿದು, "ನೋಡ್ರಿ ಅಕ್ಕಾರ! ಕಲಿ ಐತೇನು ನೋಡ್ರಿ!" ಎಂದ.

ಕಾಶೆವ್ವ ಟವೆಲ್ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಒಮ್ಮೆ ಗಂಡನನ್ನು, ಒಮ್ಮೆ ಹೆಂಡತಿಯನ್ನು. "ಒಂದ ಮನಿಂದ ಹೊಂಟ್ರಿ, ಒಂದ ಮನಿಗೆ ಬಂದ್ರಿ. ಬ್ಯಾರೆ ಬ್ಯಾರೆ ಯಾಕ ಬಂದ್ರಿ?"

"ಚೊಲೋ ಕೇಳಿದ್ರಿ," ಎಂದು ಅಡಿವೆಯ್ಯ ಕುರ್ಚಿ ಎಳೆದುಕೊಂಡ. "ಸಿಲಿಂಡರ್ ಅಂದ್ರ ಒಂದು ಕೊಳವಿ ಅಂತ ತಿಳ್ಕೋರಿ..."

ಅವನು ಅಡ್ಡಗೀರು ದಾಟುವುದರೊಳಗೆ ಕಾಶೆವ್ವ ಎಮ್ಮೆ ಹಿಂಡುವ ನೆವದಲ್ಲಿ ಎದ್ದು ಹೋಗಿದ್ದಳು. ತಿರುಗಿ ಹೊರಡುವಾಗ ಅವಳು ಕಂಡದ್ದಿಷ್ಟು: ಹೆಂಡತಿ ಸೆರಗು ತಲೆಗೆಳೆದುಕೊಂಡು ರಣಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು, ಗಂಡ ಅವಳ ಮುಂದೆಯೇ ಬೈಕು ಹತ್ತಿ, ಕೈ ಬೀಸಿ, ಹೋದ.

ಐದುನೂರು ಕಿಲೋಮೀಟರ್ ಬೇಗ ಮುಗಿಸಬೇಕೆಂದು ಅಡಿವೆಯ್ಯ ದಿನಾ ಶಿಫ್ಟು ಬಿಟ್ಟ ಮೇಲೆ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿ ಜೋಯಿಡಾ ರಸ್ತೆ ಹಿಡಿಯತೊಡಗಿದ. ಕಾಡಿನ ನೆರಳಿದೆ, ಇಂಜಿನ್ ಕಾಯುವುದಿಲ್ಲ ಎಂಬುದು ಅವನ ಲೆಕ್ಕ. ಏರು ಶುರುವಾಗುವ ತಿರುವಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮಗುವಿಗೆ ಜ್ವರ ನೋಡುವಂತೆ ಸಿಲಿಂಡರಿನ ಹತ್ತಿರ ಕೈ ಒಯ್ದು ನೋಡುವುದು. ಆರಿದ ಮೇಲೆ ತಿರುಗಿಸಿಕೊಂಡು ಬರುವುದು. ಒಂದು ದಿನ ಅರಣ್ಯ ಗಾರ್ಡು ಸುಭಾಸ ಹಿಂದಿನಿಂದ ಬಂದು ನಿಂತ.

"ಏನ್ ಸಾಹೇಬ್ರೆ, ದಿನಾ ಇಲ್ಲೇ ನಿಲ್ತೀರಿ! ಗಾಡಿ ನಿಲ್ಸಬಾರ್ದು ಅಂತ ಬೋರ್ಡು ಕಾಣೂದಿಲ್ವಾ? ಹುಲಿ ತಿರುಗೂ ಜಾಗ."

"ಹುಲಿ ಅದರ ಪಾಡಿಗೆ ತಿರುಗ್ಲಿರಿ. ನನ್ನ ಇಂಜಿನ್ ಆರಬೇಕು."

"ಅಲ್ಲ, ಹುಲಿ ಬಂತು ಅಂತ ಇಟ್ಕೊಳ್ಳಿ. ಗಾಡಿ ಜೋರು ಓಡಿಸ್ಕೊಂಡು ಹೋಗ್ತೀರಲ್ಲ?"

"ಅದು ಆಗೂದಿಲ್ರಿ," ಎಂದ ಅಡಿವೆಯ್ಯ ಗಂಭೀರವಾಗಿ. "ನಲವತ್ತರ ಮ್ಯಾಲೆ ಹೋಗೂಹಂಗಿಲ್ಲ."

ಸುಭಾಸ ಎರಡು ಹೆಜ್ಜೆ ಮುಂದೆ ಬಂದು ಅವನ ಬಾಯಿಯ ವಾಸನೆ ನೋಡಿದ. ವಾಸನೆ ಇರಲಿಲ್ಲ. ಆಗ ಇನ್ನಷ್ಟು ಅನುಮಾನ ಬಂದು ತೋಳು ಹಿಡಿದ. ಸರಿಯಾಗಿ ಅದೇ ಹೊತ್ತಿಗೆ ಜೋಯಿಡಾ ಬಸ್ಸು ಪಕ್ಕದಲ್ಲಿ ಹಾದುಹೋಯಿತು, ಅದರ ಕಿಟಕಿಯಲ್ಲಿ ತವರಿಗೆ ಹೋಗಿ ಬರುತ್ತಿದ್ದ ಗೋದುಬಾಯಿ ಇದ್ದಳು.

ಅವಳು ಬಂಗೂರನಗರ ಮುಟ್ಟುವಷ್ಟರಲ್ಲಿ ಸುದ್ದಿ ಹಣ್ಣಾಗಿತ್ತು. ಅಡಿವೆಯ್ಯ ಜೋಯಿಡಾದಲ್ಲಿ ಇನ್ನೊಂದು ಮನೆ ಮಾಡಿದ್ದಾನೆ. ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವುದು ಅಲ್ಲಿಗೇ. ಇಂದು ಫಾರೆಸ್ಟಿನವರು ಹಿಡಿದರು. ಹುಲಿ ಮಾತ್ರ ಈ ಕತೆಯಿಂದ ಹೊರಗುಳಿಯಿತು.

ಸುದ್ದಿ ಹಳಿಯಾಳ ಮುಟ್ಟಿ, ಅಲ್ಲಿಂದ ಕಾಶೆವ್ವನ ಮಾತಾಗಿ ಮುಂಡಗೋಡಕ್ಕೆ ಹೋಯಿತು. ಮುಂಡಗೋಡದಲ್ಲಿ ಶಿವಗಂಗವ್ವನ ಅಣ್ಣ ರುದ್ರೇಶ ಇದ್ದ. ಮೆಕ್ಕೆಜೋಳದ ವ್ಯಾಪಾರಿ, ಈ ಸಂಬಂಧ ತಂದವನೂ ಅವನೇ. ಕಾಶೆವ್ವ ಅವನಿಗೆ ಫೋನಿನಲ್ಲಿ ಖಡಾಖಂಡಿತ ಹೇಳಿದಳು: "ಹುಡುಗಿ ಬಂಗಾರದಂಥಾಕಿ. ಆದ್ರ ಅವ್ವಾ-ಅಪ್ಪಾ ಒಂದ ಗಾಡಿ ಮ್ಯಾಲೆ ಕುಂದರದ ಮನಿಂದ ಹೆಣ್ಣು ತರೂದು ಹೆಂಗ್ರಿ? ಐತವಾರ ನಾ ಬರ್ತೇನಿ. ನನ್ನ ಕಣ್ಣಿಲೆ ಅದು ಸರಿ ಆಗಿದ್ದು ಕಂಡ್ರ ಮಾತು. ಇಲ್ಲಂದ್ರ ನಾವು ಬ್ಯಾರೆ ಕಡೆ ನೋಡ್ತೇವಿ."

ಐತವಾರ ಅಡಿವೆಯ್ಯನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಒಂದು ಕಡೆ ಕಾಶೆವ್ವ, ಒಂದು ಕಡೆ ರುದ್ರೇಶ, ಸಕ್ಕರೆ ಕೇಳಲು ಬಂದು ಅಲ್ಲೇ ಕೂತ ಗೋದುಬಾಯಿ. ಅಡುಗೆಮನೆಯ ಬಾಗಿಲ ಹಿಂದೆ ರಾಜಶ್ರೀ. ಶಿರಾ ತಟ್ಟೆಯಲ್ಲಿ ಆರುತ್ತಿತ್ತು, ಯಾರೂ ಮುಟ್ಟಲಿಲ್ಲ.

ರುದ್ರೇಶ ಗಂಟಲು ಸರಿಮಾಡಿಕೊಂಡ. "ಅಡಿವೆಯ್ಯಾ, ನಾ ಹೆಚ್ಚಿಗಿ ಕೇಳಂಗಿಲ್ಲ. ಜೋಯಿಡಾದಾಗ ಏನೈತಿ?"

"ನೆರಳು ಐತಿ ರುದ್ರೇಶಣ್ಣಾ."

"ಯಾರ ನೆರಳು?"

"ಗಿಡದ್ದು."

"ಚೇಷ್ಟಿ ಸಾಕು!" ರುದ್ರೇಶನ ದನಿ ಏರಿತು. "ನನ್ನ ತಂಗಿನ್ನ ಯಾಕ ಗಾಡಿ ಮ್ಯಾಲೆ ಕುಂದರಸಂಗಿಲ್ಲ?"

ಅಡಿವೆಯ್ಯನ ಮುಖ ಅರಳಿತು. "ಹೇಳ್ತೇನಿ. ಸಿಲಿಂಡರ್ ಅಂದ್ರ ಒಂದು..."

"ಕೊಳವಿ!" ಎಂದು ಗೋದುಬಾಯಿ, ಕಾಶೆವ್ವ, ಫೋನಿನಲ್ಲೇ ಅದನ್ನು ಕೇಳಿ ದಣಿದಿದ್ದ ರುದ್ರೇಶ ಮೂವರೂ ಒಟ್ಟಿಗೆ ಚೀರಿದರು.

"ಕೊಳವಿ ಸುದ್ದಿ ಬ್ಯಾಡ," ಎಂದ ರುದ್ರೇಶ. "ಮಾತು ಬ್ಯಾಡಾನ ಬ್ಯಾಡ. ಈಗಿಂದೀಗ ಶಿವಗಂಗಾನ್ನ ಹಿಂದ ಕುಂದರಿಸ್ಕೊಂಡು ಗುಡಿತನಕ ಒಂದು ಸುತ್ತು ಹಾಕ್ಕೊಂಡು ಬಾ. ಕಾಶಕ್ಕಾರು ಕಣ್ಣಾರೆ ನೋಡ್ಲಿ. ಅಲ್ಲಿಗೆ ಮುಗೀತು."

"ಇವತ್ತ ಆಗೂದಿಲ್ಲ," ಎಂದ ಅಡಿವೆಯ್ಯ. "ಇನ್ನ ಎಂಬತ್ತು ಕಿಲೋಮೀಟರ್ ಉಳದೈತಿ."

ಕಾಶೆವ್ವ ಎದ್ದು ನಿಂತು ಚಪ್ಪಲಿ ಹುಡುಕತೊಡಗಿದಳು. ಬಾಗಿಲ ಹಿಂದೆ ಒಂದು ಬಳೆ ಸದ್ದಾಯಿತು. ಅಡಿವೆಯ್ಯ ಆ ಕಡೆ ತಿರುಗಿದ. ಅರೆ ತೆರೆದ ಬಾಗಿಲಲ್ಲಿ ಮಗಳ ಮುಖ ಕಂಡಿತು. ಅಡಿವೆಯ್ಯ ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡು ಅಂಗಳಕ್ಕೆ ಇಳಿದ. ಎಲ್ಲರೂ ಹಿಂದೆ ಬಂದರು. ಒಂದೇ ಕಿಕ್ಕಿಗೆ ಇಂಜಿನ್ ಶುರುವಾಯಿತು. ಹೊಗೆಯಿಲ್ಲ, ಗೊಗ್ಗರ ದನಿಯಿಲ್ಲ. ತುಂಬಿದ ಕೊಡ ಇಳಿಸಿದಷ್ಟು ಮೆತ್ತಗಿನ ಸದ್ದು. ಅವನು ಒಂದು ಗಳಿಗೆ ಅದನ್ನೇ ಕೇಳಿದ.

"ಬಾರ," ಎಂದ ಹೆಂಡತಿಗೆ. "ಕುಂದರು. ಹೋದ್ರ ಹೋಗ್ಲಿ ರಿಂಗು."

ಕಾಶೆವ್ವ ಚಪ್ಪಲಿ ಬಿಟ್ಟಳು. ರುದ್ರೇಶ ಉಸಿರು ಬಿಟ್ಟ. ಶಿವಗಂಗವ್ವ ಅಂಗಳಕ್ಕೆ ಬಂದಳು, ಬೈಕಿನ ಹತ್ತಿರ ಹೋದಳು, ಕೈ ಚಾಚಿ ಕೀಲಿ ತಿರುವಿ ಇಂಜಿನ್ ಆರಿಸಿದಳು.

"ನಾ ಕುಂದರಂಗಿಲ್ಲ!"

"ಶಿವಗಂಗಾ!" ಎಂದ ರುದ್ರೇಶ.

"ನೀ ಸುಮ್ನಿರಣ್ಣಾ. ಇಷ್ಟು ದಿನ ಬಸ್ಸಿನ್ಯಾಗ ಮಂದಿ ಕಾಲ ತುಳಿಸ್ಕೊಂಡು, ಬಿಸಲಾಗ ನಡದು, ಇಕಿ ಕಡಿಂದ," ಗೋದುಬಾಯಿಯತ್ತ ಓರೆಗಣ್ಣಿನಿಂದ ನೋಡಿ, "ಅಯ್ಯೋ ಪಾಪ ಅನಿಸ್ಕೊಂಡು ತಡಕೊಂಡೇನಿ. ಎಂಬತ್ತು ಕಿಲೋಮೀಟರ್ ಸಲವಾಗಿ ಅದನ್ನೆಲ್ಲಾ ನೀರಾಗ ಹಾಕ್ಲೇನು? ಇಪ್ಪತ್ತಾರು ವರ್ಷ ಆ ಹೊಗಿ ಕುಡದಾಕಿ ನಾನು. ನೀವಲ್ಲ!"

ಆಮೇಲೆ ಅವಳು ಕಾಶೆವ್ವನ ಕಡೆ ತಿರುಗಿದಳು. ಗಂಡ ಅರ್ಧ ತಿಂಗಳಿಂದ ಊರಿಗೆಲ್ಲ ಹೇಳಲಾರದೆ ಸೋತದ್ದನ್ನು ಅವಳು ಒಂದು ಉಸಿರಿನಲ್ಲಿ ಹೇಳಿದಳು, ಕೊಳವೆಯನ್ನು ಪೂರ್ತಿ ಬಿಟ್ಟು.

"ನೋಡ್ರಿ ಅಕ್ಕಾರ. ಸಿಲಿಂಡರ್ ಹಳೇದು, ರಿಂಗು ಹೊಸಾದು. ಒಂದಕ್ಕೊಂದು ತಿಕ್ಕಿ ತಿಕ್ಕಿ ಹೊಂದ್ಕೋಬೇಕು. ಅಲ್ಲಿತನಕ ವಜ್ಜಿ ಹೇರಬಾರದು, ಗುಡ್ಡ ಹತ್ತಿಸಬಾರದು, ಓಡಿಸಬಾರದು. ಅವಸರ ಮಾಡಿದ್ರ ಜನ್ಮ ಪೂರ್ತಿ ಹೊಗಿ. ಇಷ್ಟ ಇದರ ಕತಿ. ಈಗ ನಾ ಕೇಳ್ತೇನಿ. ನಾಳೆ ನನ್ನ ಮಗಳು ನಿಮ್ಮನಿಗೆ ಬಂದ್ರ, ನಿಮ್ಮನಿ ಹಳೇದು, ಅಕಿ ಹೊಸಾಕಿ. ಬಂದ ದಿನಾನ ಇಡೀ ಮನಿ ವಜ್ಜಿ ಅಕಿ ಮ್ಯಾಲೆ ಹೇರ್ತೀರೋ, ಸೆಟ್ ಆಗೂತನಕ ತಡೀತೀರೋ?"

ಅಡಿವೆಯ್ಯ ಬಾಯಿ ತೆರೆದು ಹೆಂಡತಿಯನ್ನು ನೋಡುತ್ತಿದ್ದ. ಆ ಹೋನಿಂಗ್ ಮಾಡಿದ ಸಿಲಿಂಡರನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು. ರುದ್ರೇಶ ಕಾಶೆವ್ವನ ಮುಖ ನೋಡಲು ಹೆದರಿ ತನ್ನ ಚಪ್ಪಲಿ ನೋಡಿಕೊಂಡ.

ಕಾಶೆವ್ವ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ಬೈಕಿನ ಹತ್ತಿರ ಬಂದು, ಇಂಜಿನ್ನಿನತ್ತ ಬಗ್ಗಿ, ಒಬ್ಬ ಹೆಣ್ಣುಮಗಳನ್ನು ನೋಡುವಂತೆ ಅದನ್ನು ನೋಡಿದಳು.

"ನನ್ನ ಅತ್ತಿ, ನಾ ಬಂದ ದಿನಾನ ನನ್ನ ಗುಡ್ಡಾ ಹತ್ತಿಸಿದ್ಳವ್ವಾ," ಎಂದಳು. "ಹೊಲಾ, ದನಾ, ಹದಿನಾಲ್ಕು ಮಂದಿ ರೊಟ್ಟಿ. ಇಪ್ಪತ್ತು ವರ್ಷ ಆ ಮನ್ಯಾಗ ಹೊಗಿ ನಿಂದರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು, ಅಡುಗೆಮನೆಯ ಕಡೆ ಕೂಗಿದಳು: "ಏ ತಂಗಿ, ಹೊರಗ ಬಾ. ನನಗ ಒಂದು ತಟ್ಟಿ ಶಿರಾ ಬಿಸಿ ಮಾಡ್ಕೊಂಡು ಬಾ. ಅವಸರ ಇಲ್ಲ ಮತ್ತ. ಸಾವಕಾಶ ಮಾಡು!"

ಮಾತು ಮುಗಿಯಿತು. ರುದ್ರೇಶ ಎಲೆ-ಅಡಿಕೆ ತರಿಸಿದ. ಗೋದುಬಾಯಿ ತಾನು ಮೊದಲೇ ಇದು ಇಂಜಿನ್ನಿನ ಸಂಗತಿಯೆಂದು ಹೇಳಿದ್ದೆನೆಂದಳು. ಆ ಸಂತೋಷದ ಹೊತ್ತಿನಲ್ಲಿ ಯಾರೂ ಅವಳೊಂದಿಗೆ ವಾದಕ್ಕಿಳಿಯಲಿಲ್ಲ. ಕಾಶೆವ್ವ ಹೊರಡಲು ಎದ್ದಾಗ, ಬೀಗತಿಯನ್ನು ಹಾಗೇ ಕಳಿಸುವುದುಂಟೇ ಎಂದು ಅಡಿವೆಯ್ಯ ಹಿಂದುಮುಂದು ನೋಡದೆ ಬೈಕು ತಿರುಗಿಸಿ, "ಬರ್ರಿ, ಬಸ್ ಸ್ಟ್ಯಾಂಡಿನ ತನಕ ಬಿಡ್ತೇನಿ" ಎಂದುಬಿಟ್ಟ.

"ಯಪ್ಪಾ ಬ್ಯಾಡ!" ಎಂದು ಎಲ್ಲರಿಗಿಂತ ಮೊದಲು ಹೌಹಾರಿದವಳು ಕಾಶೆವ್ವನೇ. "ನಾ ಹತ್ತಂಗಿಲ್ಲ. ನಾವು ನಡಕೋತ ಬರ್ತೇವಿ. ನೀವು ಗಾಡಿ ಮ್ಯಾಲೆ ಮುಂದ ನಡೀರಿ. ಅಷ್ಟ ಕಿಲೋಮೀಟರ್ ಕಡಿಮಿ ಆಗ್ಲಿ."

ಹೀಗೆ ಬಂಗೂರನಗರದ ರಸ್ತೆಯಲ್ಲಿ, ಶಿಫ್ಟು ಬಿಟ್ಟು ಜನ ಹೊರಗೆ ಬರುವ ಹೊತ್ತಿಗೆ ಸರಿಯಾಗಿ, ಅಡಿವೆಯ್ಯ ಬೆನ್ನು ನೆಟ್ಟಗೆ ಮಾಡಿ, ಎಡಬಲ ನೋಡದೆ, ನಡೆಯುವವರ ವೇಗದಲ್ಲಿ ಬೈಕು ಬಿಟ್ಟುಕೊಂಡು ಹೊರಟ. ಹಿಂದೆ ಕಾಶೆವ್ವ, ಶಿವಗಂಗವ್ವ, ರುದ್ರೇಶ, ಗೋದುಬಾಯಿ. ಸೈಕಲ್ಲುಗಳು ಅವರನ್ನು ದಾಟಿ ಹೋದವು. ಆಟೋದವನೊಬ್ಬ ಆಟೋ ನಿಲ್ಲಿಸಿ, ತಲೆ ಹೊರಗೆ ಹಾಕಿ ಕೇಳಿದ:

"ಏನ್ರಿ ಯವ್ವಾ, ಏನ್ ಮೆರವಣಗಿ ಇದು?"

ಶಿವಗಂಗವ್ವ ಬಾಯಿ ತೆರೆಯುವ ಮೊದಲೇ ಕಾಶೆವ್ವ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಹೇಳಿದಳು:

"ನಮ್ಮ ಬೀಗರ ಇಂಜಿನ್ನಪಾ. ರಿಂಗು ಸೆಟ್ ಆಗಾಕತ್ತಾವು. ಹಾರ್ನ್ ಹೊಡೀಬ್ಯಾಡ, ಬಾಜೂಕ ಹೋಗು!"